ಹೊಸ ಜನರೇಟರಿನ ಮೊದಲ ಆಯಿಲ್ ಬದಲಾವಣೆ: ಯಾವಾಗ, ಯಾವ ಲೆಕ್ಕದಲ್ಲಿ?

ಹೊಸ ಡೀಸೆಲ್ ಜನರೇಟರ್ ಕೊಳ್ಳುವಾಗ ಉದ್ಯಮಿಗಳು ಬೆಲೆ, ಬಡ್ಡಿ ಮತ್ತು ಸವಕಳಿಯನ್ನು ಎಚ್ಚರಿಕೆಯಿಂದ ಲೆಕ್ಕ ಹಾಕುತ್ತಾರೆ. ಆದರೆ ಎಂಜಿನ್ನಿನ ಮೊದಲ ಆಯಿಲ್ ಬದಲಾವಣೆಯನ್ನು ಸಾಮಾನ್ಯವಾಗಿ ಮೆಕ್ಯಾನಿಕನ ವಿವೇಚನೆಗೆ ಬಿಟ್ಟುಬಿಡುತ್ತಾರೆ. ಕೆಲವೇ ಸಾವಿರ ರೂಪಾಯಿಗಳ ಈ ವೆಚ್ಚವನ್ನು ಮುಂದೂಡಿದ ಕಾರಣಕ್ಕೆ ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರದ ವಾರಂಟಿ ಕೈತಪ್ಪುವ ಸಂಭವವುಂಟು.

ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳೂ ಸಿಲಿಂಡರಿನ ಒಳಗೋಡೆಯೂ ಇನ್ನೂ ಪರಸ್ಪರ ಹೊಂದಿಕೊಂಡಿರುವುದಿಲ್ಲ. ಹೋನಿಂಗ್ ಮಾಡಿದ ಗೋಡೆಯ ಸೂಕ್ಷ್ಮ ಗೀರುಗಳ ಏಣುಗಳನ್ನು ಸವೆಸುತ್ತ ರಿಂಗುಗಳು ಅನಿಲ ಸೋರದಂತೆ ಕೂರುತ್ತವೆ. ಆಗ ಉದುರುವ ಲೋಹದ ಕಣಗಳು ಆಯಿಲ್‌ನಲ್ಲಿ ಸೇರುತ್ತವೆ. ದಪ್ಪ ಕಣಗಳನ್ನು ಫಿಲ್ಟರ್ ತಡೆಯುತ್ತದೆ. ತೀರ ಸಣ್ಣವು ಆಯಿಲ್‌ನೊಡನೆ ಬೇರಿಂಗುಗಳವರೆಗೂ ಸುತ್ತುತ್ತಿರುತ್ತವೆ. ಆದುದರಿಂದಲೇ ಅನೇಕ ತಯಾರಕರು ಮೊದಲ ಬದಲಾವಣೆಗೆ, ಫಿಲ್ಟರ್ ಸಹಿತ, ಕಡಿಮೆ ಅವಧಿಯನ್ನು ವಿಧಿಸುತ್ತಾರೆ.

ಈ ಅವಧಿ ಎಲ್ಲ ಎಂಜಿನ್ನುಗಳಿಗೂ ಒಂದೇ ಅಲ್ಲ. ಹೋಂಡಾ ಜಿಎಕ್ಸ್ ಶ್ರೇಣಿಯ ಸಣ್ಣ ಪೆಟ್ರೋಲ್ ಎಂಜಿನ್ನುಗಳಿಗೆ ಮೊದಲ ತಿಂಗಳು ಅಥವಾ 20 ಗಂಟೆ, ಯಾವುದು ಮೊದಲೋ ಅದು. ಅನಂತರ 6 ತಿಂಗಳು ಅಥವಾ 100 ಗಂಟೆ. ಹಲವು ಡೀಸೆಲ್ ಎಂಜಿನ್ನುಗಳ ಕೈಪಿಡಿಗಳಲ್ಲಿ ಮೊದಲ ಬದಲಾವಣೆ 50 ಗಂಟೆಗಳಿಗೆ ಬರುತ್ತದೆ. ಕೆಲವು ಆಧುನಿಕ ಎಂಜಿನ್ನುಗಳಲ್ಲಿ ಕಾರ್ಖಾನೆಯಲ್ಲಿ ತುಂಬಿದ ಆಯಿಲ್ ಪೂರ್ಣಾವಧಿಯವರೆಗೆ ಇರಬೇಕೆಂದೇ ತಯಾರಕರು ಸೂಚಿಸುತ್ತಾರೆ. ಬೇಗ ಬದಲಾಯಿಸಿದಷ್ಟೂ ಒಳ್ಳೆಯದೆಂಬ ಗ್ಯಾರೇಜಿನ ಮಾತು ಎಲ್ಲೆಡೆ ಸಲ್ಲುವುದಿಲ್ಲ. ಕೈಪಿಡಿಯೇ ಪ್ರಮಾಣ.

ತೊಡಕು ಇರುವುದು ಗಂಟೆ ಮತ್ತು ತಿಂಗಳುಗಳ ನಡುವೆ. ವಿದ್ಯುತ್ ಹೋದಾಗ ಮಾತ್ರ ಚಾಲೂ ಮಾಡುವ ಜನರೇಟರ್ ದಿನಕ್ಕೆ ಅರ್ಧ ಗಂಟೆಯಂತೆ ತಿಂಗಳಿಗೆ 25 ದಿನ ಓಡಿದರೆ ಆಗುವುದು 12.5 ಗಂಟೆ; 50 ಗಂಟೆ ತುಂಬಲು 4 ತಿಂಗಳು ಬೇಕು. ಕೈಪಿಡಿಯಲ್ಲಿ ‘50 ಗಂಟೆ ಅಥವಾ ಒಂದು ತಿಂಗಳು’ ಎಂದಿದ್ದಲ್ಲಿ, ಮೀಟರನ್ನಷ್ಟೇ ನೋಡುತ್ತ ಕುಳಿತ ಉದ್ಯಮಿ 3 ತಿಂಗಳು ತಡಮಾಡಿದಂತಾಯಿತು. ದಿನಕ್ಕೆ 10 ಗಂಟೆ ಓಡುವ ಯಂತ್ರವಾದರೋ ಐದೇ ದಿನಗಳಲ್ಲಿ 50 ಗಂಟೆ ಮುಟ್ಟುತ್ತದೆ. ಡೀಲರನ ಸರ್ವಿಸ್ ಸಿಬ್ಬಂದಿ ತಾವಾಗಿಯೇ ಬರುವರೆಂದು ಕಾಯುವಂತಿಲ್ಲ.

ಹೊಸ ಎಂಜಿನ್ನನ್ನು ಲೋಡ್ ಇಲ್ಲದೆ ಓಡಿಸಿ ಪಳಗಿಸಬೇಕೆಂಬ ನಂಬಿಕೆಯೂ ಇದೆ. ಇದು ತಪ್ಪು. ರಿಂಗುಗಳು ಗೋಡೆಗೆ ಒತ್ತಿ ಕೂರಲು ದಹನದ ಒತ್ತಡ ಬೇಕು. ಮುಂದಿನ ವಿಸ್ತರಣೆಗೆಂದು 62.5 ಕೆವಿಎ ಜನರೇಟರ್ ತಂದು 10 ಕೆವಿಎ ಲೋಡಿನಲ್ಲಿಯೇ ಓಡಿಸುತ್ತಿದ್ದರೆ ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ, ಎಂಜಿನ್ ಆಯಿಲ್ ಸುಡಲಾರಂಭಿಸುತ್ತದೆ. ಆಗ ಎಷ್ಟು ಸಲ ಆಯಿಲ್ ಬದಲಾಯಿಸಿದರೂ ಪ್ರಯೋಜನವಿಲ್ಲ.

ಇನ್ನು ಲೆಕ್ಕಪತ್ರದ ವಿಚಾರ. ಯಂತ್ರ ಬಳಕೆಗೆ ಸಿದ್ಧವಾಗುವ ಮುನ್ನ ನಡೆಸುವ ಪರೀಕ್ಷಾರ್ಥ ಚಾಲನೆಯ ವೆಚ್ಚವು ಯಂತ್ರದ ಮೂಲಬೆಲೆಗೆ ಸೇರುತ್ತದೆ. ಬಳಕೆ ಆರಂಭವಾದ ಮೇಲಿನ ಆಯಿಲ್ ಬದಲಾವಣೆ, ಅದು ಮೊದಲನೆಯದೇ ಆದರೂ, ನಿರ್ವಹಣೆಯ ರಾಜಸ್ವ ವೆಚ್ಚ. ಅದನ್ನು ಜನರೇಟರ್ ಖಾತೆಗೆ ಸೇರಿಸುವುದು ಸರಿಯಲ್ಲ. ಬಿಲ್ಲು ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯಲ್ಲಿಯೇ ಇರಬೇಕು. ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇನ್‌ಪುಟ್ ಕ್ರೆಡಿಟ್ ದೊರೆಯದು. ಬಿಲ್ಲಿನಲ್ಲಿ ಆಯಿಲ್‌ನ ದರ್ಜೆ, ಎಂಜಿನ್ ಸಂಖ್ಯೆ ಹಾಗೂ ಮೀಟರ್ ತೋರಿಸಿದ ಗಂಟೆಗಳನ್ನು ಬರೆಸಿಕೊಳ್ಳುವುದು ಕ್ಷೇಮ. ನಗದು ಕೊಟ್ಟು ಬಿಡಿಯಾಗಿ ತಂದ ಆಯಿಲ್ ಎಷ್ಟೇ ಉತ್ತಮವಾಗಿದ್ದರೂ ವಾರಂಟಿಯ ವಿವಾದ ಬಂದ ದಿನ ತೋರಿಸಲು ದಾಖಲೆಯಿರುವುದಿಲ್ಲ.

ತೆಗೆದ ಹಳೆಯ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಸುರಿಯದೆ, ಗುಜರಿಯವನಿಗೂ ಮಾರದೆ, ಅಧಿಕೃತ ಮರುಸಂಸ್ಕರಣೆದಾರರಿಗೆ ಒಪ್ಪಿಸಿ, ರಸೀದಿಯನ್ನು ಸರ್ವಿಸ್ ಬಿಲ್ಲಿನ ಜೊತೆಯಲ್ಲಿಯೇ ಕಡತದಲ್ಲಿಡತಕ್ಕದ್ದು.