ರಾಳದೊಳಗಿನ ನೊಣ

ಉತ್ತರ ಯೂರೋಪಿನ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಬಿರುಗಾಳಿ ಅಡಗಿದ ಮೇಲೆ ಜನರು ನೆಲವನ್ನೇ ನೋಡುತ್ತ ನಡೆಯುವುದುಂಟು. ಅಲೆಗಳು ತಂದೆಸೆದ ಪಾಚಿ, ಚಿಪ್ಪುಗಳ ನಡುವೆ ಜೇನಿನ ಬಣ್ಣದ ಹಗುರವಾದ ತುಣುಕುಗಳನ್ನು ಅವರು ಅರಸುತ್ತಾರೆ. ಇದೇ ಅಂಬರ್. ಕಲ್ಲಿನಂತೆ ಕಂಡರೂ ಇದು ಕಲ್ಲಲ್ಲ; ಸುಮಾರು 4 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಕಾಡಿನ ಮರಗಳು ಸುರಿಸಿದ ರಾಳ, ಮಣ್ಣಿನಡಿ ಹುದುಗಿ ಗಟ್ಟಿಯಾದದ್ದು. ಉಣ್ಣೆಯ ಬಟ್ಟೆಗೆ ಉಜ್ಜಿದರೆ ಇದು ಹುಲ್ಲಿನ ಎಳೆಯನ್ನು ಸೆಳೆಯುತ್ತದೆ. ತೃಣಮಣಿ ಎಂಬ ಸಂಸ್ಕೃತದ ಹೆಸರು ಬಂದದ್ದು ಈ ಗುಣದಿಂದಲೇ. ನಮ್ಮ ದೇಶದಲ್ಲಿಯೂ ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ 5 ಕೋಟಿ ವರ್ಷಗಳಷ್ಟು ಹಳೆಯ ಅಂಬರ್ ದೊರೆತಿದೆ. ಅದನ್ನು ಸುರಿಸಿದ ಮರಗಳು ನಮ್ಮ ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬಕ್ಕೆ ಸೇರಿದವು.

ಮರದ ಗಾಯದಿಂದ ಒಸರುವ ಅಂಟಿನ ಮೇಲೆ ನೊಣವೊಂದು ಕುಳಿತಿತೆನ್ನಿ. ಕಾಲುಗಳನ್ನು ಬಿಡಿಸಿಕೊಳ್ಳಲು ಹೆಣಗುತ್ತಿರುವಾಗಲೇ ಮತ್ತೊಂದು ಪದರ ಹರಿದು ಅದನ್ನು ಮುಚ್ಚಿಬಿಡುತ್ತದೆ. ಒಳಗಿನ ಅಂಗಾಂಗಗಳು ಬಹುಮಟ್ಟಿಗೆ ನಶಿಸಿದರೂ ಮೈಯ ಹೊರರೂಪ ಉಳಿಯುತ್ತದೆ. ರೆಕ್ಕೆಯ ನರ, ಕಾಲಿನ ಮುಳ್ಳು, ಬೆನ್ನಿನ ರೋಮ ಒಂದೂ ಅಳಿಸುವುದಿಲ್ಲ. ನೊಣವನ್ನು ಗುರುತಿಸಲು ಬೇಕಾದದ್ದೂ ಇವುಗಳೇ.

ಆದರೆ ಮೊದಲು ಪರೀಕ್ಷಿಸಬೇಕಾದದ್ದು ನೊಣವನ್ನಲ್ಲ, ಅಂಬರನ್ನು. ಹೆಚ್ಚು ಉಪ್ಪು ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಗಾಜು ಮುಳುಗುತ್ತದೆ. ಇನ್ನೂ ಪೂರ್ಣವಾಗಿ ಮಾಗದ ಎಳೆಯ ರಾಳವೂ ತೇಲುವುದರಿಂದ ಅದರ ಮೇಲೆ ಒಂದು ಹನಿ ಅಸಿಟೋನ್ ಹಾಕಿ ನೋಡುತ್ತಾರೆ. ಎಳೆಯದಾದರೆ ಮೇಲ್ಮೈ ಅಂಟಂಟಾಗುತ್ತದೆ. ಆಮೇಲೆ ಕೀಟದ ಸರದಿ. ಜೇನುಹುಳುವಿಗೆ ನಾಲ್ಕು ರೆಕ್ಕೆಗಳು, ನೊಣಕ್ಕೆ ಎರಡೇ. ಹಿಂದಿನ ಜೋಡಿ ರೆಕ್ಕೆಗಳ ಸ್ಥಾನದಲ್ಲಿ ಗುಂಡುಸೂಜಿಯಂತಹ ಎರಡು ಸಣ್ಣ ಅಂಗಗಳಿದ್ದು, ಹಾರುವಾಗ ಸಮತೋಲವನ್ನು ಕಾಪಾಡುತ್ತವೆ. ಇವು ಕಂಡರೆ ಅದು ನೊಣದ ಗಣವೆಂದು ನಿರ್ಧರಿಸಬಹುದು. ಯಾವ ಕುಟುಂಬವೆಂಬುದನ್ನು ರೆಕ್ಕೆಯ ನರಗಳ ಕವಲುಗಳಿಂದಲೂ ಕುಡಿಮೀಸೆಯ ಗೆಣ್ಣುಗಳಿಂದಲೂ ತಿಳಿಯಬೇಕು.

ತೊಡಕೇನೆಂದರೆ, ಒರಟಾದ ತುಣುಕಿನೊಳಗೆ ಇದಾವುದೂ ಸ್ಪಷ್ಟವಾಗಿ ಕಾಣುವುದಿಲ್ಲ. ಬಾಲ್ಟಿಕ್ ಅಂಬರಿನಲ್ಲಿ ಅನೇಕ ವೇಳೆ ಕೀಟದ ಒಂದು ಮಗ್ಗುಲನ್ನು ಹಾಲಿನಂತಹ ಬಿಳಿಯ ಪೊರೆ ಮುಸುಕಿರುತ್ತದೆ. ಆದ್ದರಿಂದ ಸ್ಪಷ್ಟವಾದ ಮಗ್ಗುಲನ್ನು ಆರಿಸಿ, ನೊಣದ ಮೈಗೆ ಸಮಾಂತರವಾಗಿ ಚಪ್ಪಟೆಯಾದ ಮುಖವೊಂದನ್ನು ಉಜ್ಜಿ ತೆಗೆಯುತ್ತಾರೆ. ಮೊದಲು 600ನೆಯ ಅಂಕದ ಎಮರಿ ಕಾಗದ, ಬಳಿಕ 1000, ಕೊನೆಗೆ 2000. ಪ್ರತಿ ಹಂತದಲ್ಲಿಯೂ ಹಿಂದಿನ ಗೀರುಗಳು ಮಾಯವಾಗಬೇಕು. ನೀರು ಸದಾ ಇರಬೇಕು, ಏಕೆಂದರೆ ಬಿಸಿಗೆ ಅಂಬರ್ ಮೆತ್ತಗಾಗಿ ಅಂಟುತ್ತದೆ, ಬಿರುಕೂ ಬಿಡಬಹುದು. ಕೆಲವು ಉಜ್ಜುಗಳಿಗೊಮ್ಮೆ ನಿಲ್ಲಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅವಸರಪಟ್ಟವನು 4 ಕೋಟಿ ವರ್ಷ ಉಳಿದಿದ್ದ ಕಾಲೊಂದನ್ನು ಅರೆನಿಮಿಷದಲ್ಲಿ ಸವೆಸಿಬಿಡುತ್ತಾನೆ. ಕಡೆಯದಾಗಿ ನುಣುಪಾದ ಚರ್ಮದ ಮೇಲೆ ಹಲ್ಲುಜ್ಜುವ ಪೇಸ್ಟಿನಂತಹ ನಯವಾದ ಪುಡಿಯಿಂದ ಹೊಳಪು ಕೊಡುತ್ತಾರೆ.

ಛಾಯಾಚಿತ್ರ ತೆಗೆಯುವುದೂ ಸುಲಭವಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು, ರೆಕ್ಕೆ ಸ್ಪಷ್ಟವಾದರೆ ಕಣ್ಣು ಮಸುಕು. ಹಿಂದೆ ಬಲ್ಲವರು ನೋಡಿ ನೋಡಿ ಕೈಯಿಂದ ಚಿತ್ರ ಬರೆಯುತ್ತಿದ್ದರು. ಈಗ ಮಸೂರವನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಚಿತ್ರಗಳನ್ನು ತೆಗೆದು, ಪ್ರತಿಯೊಂದರ ಸ್ಪಷ್ಟವಾದ ಭಾಗವನ್ನಷ್ಟೇ ಕಂಪ್ಯೂಟರಿನಿಂದ ಆಯ್ದು ಒಂದುಗೂಡಿಸುತ್ತಾರೆ. ಮೇಲೆ ಗ್ಲಿಸರಿನ್ನಿನ ಹನಿಯಿಟ್ಟು ತೆಳುಗಾಜು ಮುಚ್ಚಿದರೆ ಉಳಿದ ಸಣ್ಣ ಗೀರುಗಳೂ ಕಣ್ಣಿಗೆ ಬೀಳವು.

ಇಷ್ಟು ಎಚ್ಚರವೇಕೆಂದು ಕೇಳುವವರಿಗೆ ಒಂದು ನೊಣದ ಕಥೆಯನ್ನು ಹೇಳಬೇಕು. ಜರ್ಮನಿಯ ಹರ್ಮನ್ ಲ್ಯೋವ್ ಎಂಬ ಕೀಟತಜ್ಞರು 1850ರಲ್ಲಿ ಉಲ್ಲೇಖಿಸಿದ ಬಾಲ್ಟಿಕ್ ಅಂಬರಿನ ನೊಣವೊಂದು 1922ರಲ್ಲಿ ಲಂಡನ್ನಿನ ಪ್ರಕೃತಿ ವಿಜ್ಞಾನದ ವಸ್ತುಸಂಗ್ರಹಾಲಯವನ್ನು ಸೇರಿತು. 1966ರಲ್ಲಿ ವಿಲ್ಲಿ ಹೆನ್ನಿಗ್ ಅದನ್ನು ಪರಿಶೀಲಿಸಿದರು. ನೊಣಗಳ ವಂಶಾವಳಿಯ ವಿಷಯದಲ್ಲಿ ಅವರಿಗೆ ಸಾಟಿಯಾದವರು ಆಗ ವಿರಳ. ಶೌಚಸ್ಥಳಗಳಲ್ಲಿ ಇಂದಿಗೂ ಹಾರಾಡುವ ಫ್ಯಾನಿಯ ಸ್ಕಾಲಾರಿಸ್ ಎಂಬ ನೊಣವೇ ಅದೆಂದು ಅವರು ಗುರುತಿಸಿದರು. ಹಾಗಾದರೆ ಒಂದು ಜಾತಿಯ ನೊಣ ಕೋಟ್ಯಂತರ ವರ್ಷ ಎಳ್ಳಷ್ಟೂ ಬದಲಾಗದೆ ಉಳಿದಿತ್ತೆಂದಾಯಿತು! ಜೀವವಿಕಾಸವನ್ನು ಅಭ್ಯಸಿಸುವವರಿಗೆ ಇದು ಸಾಮಾನ್ಯ ಸಂಗತಿಯಲ್ಲ.

1993ರಲ್ಲಿ ಆಂಡ್ರ್ಯೂ ರಾಸ್ ಎಂಬ ತರುಣ ವಿಜ್ಞಾನಿ ಆ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದರು. ದೀಪದ ಶಾಖಕ್ಕೆ ನೊಣದ ಸುತ್ತ ಬಿರುಕೊಂದು ಕಾಣಿಸಿತು. ಬೆರಗಾಗಿ ತಿರುಗಿಸಿ ನೋಡಿದರೆ, ಯಾರೋ ಅಂಬರನ್ನು ಎರಡು ಹೋಳು ಮಾಡಿ, ಒಂದರಲ್ಲಿ ಗುಳಿ ಕೊರೆದು, ನೊಣವನ್ನಿಟ್ಟು, ಮತ್ತೆ ಅಂಟಿಸಿದ್ದರು. ಅಂಬರ್ ಅಪ್ಪಟವಾದದ್ದೇ, ಉಪ್ಪುನೀರಾಗಲಿ ಅಸಿಟೋನಾಗಲಿ ಈ ಮೋಸವನ್ನು ಹೊರಗೆಡಹುತ್ತಿರಲಿಲ್ಲ. ನೊಣವನ್ನು ಗುರುತಿಸುವುದರಲ್ಲಿ ಹೆನ್ನಿಗ್ ಕೂಡ ತಪ್ಪಿರಲಿಲ್ಲ. ಅದು ನಮ್ಮ ಕಾಲದ ಜಾತಿಯಂತೆ ಕಂಡದ್ದು, ನಮ್ಮ ಕಾಲದ ಜಾತಿಯೇ ಆಗಿದ್ದುದರಿಂದ. ಆದರೆ ಅದನ್ನು ತಿಳಿಯಲು ಅವರು ಇರಲಿಲ್ಲ, 1976ರಲ್ಲೇ ತೀರಿಕೊಂಡಿದ್ದರು.