ಠಾಣೆಯೊಳಗಿನ ಮೊದಲ ದಿನ

2017ರ ಫೆಬ್ರುವರಿಯಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಪೊಲೀಸರ ವಶದಲ್ಲಿದ್ದ ವ್ಯಕ್ತಿಯೊಬ್ಬರು ಮೃತಪಟ್ಟರು. ಸಿಟ್ಟಿಗೆದ್ದ ಜನ ಠಾಣೆಗೇ ಬೆಂಕಿ ಹಚ್ಚಿದರು. ಆ ಸಿಟ್ಟು ಅರ್ಥವಾಗುತ್ತದೆ. ಆದರೆ ಇಂಥ ಸಾವಿನ ಸತ್ಯ ಹೇಳಬೇಕಾದ ದಾಖಲೆಗಳು ಇರುವುದೇ ಠಾಣೆಯಲ್ಲಿ. ಅವು ಸುಟ್ಟರೆ ನಷ್ಟ ನೊಂದ ಮನೆಯವರಿಗೇ.

ಗದಗ-ಬೆಟಗೇರಿಯ ಓಣಿಯಿರಲಿ, ಶಿರಹಟ್ಟಿ, ಮುಂಡರಗಿಯ ಹಳ್ಳಿಯಿರಲಿ, ಒಬ್ಬರನ್ನು ಠಾಣೆಗೆ ಕರೆದೊಯ್ದಾಗ ಮನೆಯವರು ಏನು ಕೇಳಬೇಕು ಎಂಬುದು ಗೊತ್ತಿರಬೇಕು. ಬಂಧನದ ನಿಯಮಗಳಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಬಂಧನದ ಅಗತ್ಯವಿಲ್ಲದಿದ್ದರೆ ಕಲಂ 35(3)ರಡಿ ನೋಟಿಸ್ ಕೊಟ್ಟೇ ಆರೋಪಿಯನ್ನು ಕರೆಸಬೇಕು. ಬಂಧಿಸಿದರೆ ಮೆಮೊ ಬರೆಯಬೇಕು, ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಬಂಧನದ ಕಾರಣ ತಿಳಿಸಬೇಕು, ಸಂಬಂಧಿಕರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಏಟು ಬಿದ್ದಿದ್ದರೆ ಅಲ್ಲಿಯೇ ಬಾಯಿ ಬಿಟ್ಟು ಹೇಳಿ. ಹೆದರಿ ಸುಮ್ಮನಾದರೆ ಆಮೇಲೆ ಗಾಯವೂ ಮಾಯುತ್ತದೆ, ಪುರಾವೆಯೂ ಹೋಗುತ್ತದೆ.

ತಪ್ಪು ಪೊಲೀಸರದ್ದಷ್ಟೇ ಅಲ್ಲ. ಕಳವಾದ ಮನೆಯವರೇ ‘ನಾಕು ಬಾರಿಸ್ರಿ, ತಾನ ಒಪ್ಪಿಕೊಳ್ತಾನ’ ಎನ್ನುವುದುಂಟು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಹೇಳುತ್ತದೆ. ಅದರ ಆಧಾರದ ಮೇಲೆ ಸಿಕ್ಕ ವಸ್ತುವಿನ ಮಟ್ಟಿಗೆ ಮಾತ್ರ ಅದಕ್ಕೆ ಬೆಲೆ. ಹೊಡೆಸಿ ಹೇಳಿಸಿದ ಮಾತಿನಿಂದ ನಿಜವಾದ ಕಳ್ಳ ಪಾರಾಗುತ್ತಾನೆ, ನಿರಪರಾಧಿಯ ಎಲುಬು ಮುರಿಯುತ್ತದೆ.

ವಶದಲ್ಲಿದ್ದವರು ಸತ್ತರೆ ಪೊಲೀಸ್ ತನಿಖೆಯೊಂದೇ ಸಾಲದು. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 196ರಂತೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ, ಸಾಧ್ಯವಿರುವಾಗಲೆಲ್ಲ ಸಂಬಂಧಿಕರಿಗೆ ತಿಳಿಸಿ ಅವರನ್ನು ಹಾಜರಿರಲು ಬಿಡಬೇಕು. ಠಾಣೆಯ ಒಳಗೆ, ಲಾಕಪ್‌ನಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆ ದೃಶ್ಯಗಳನ್ನು ಅಳಿಸದೆ ಕಾಯ್ದಿಡಲು ತಡಮಾಡದೆ ಲಿಖಿತವಾಗಿ ಕೇಳಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಪಡೆಯಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ಗದಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.