ಚಕಮಕಿ ಕೋವಿಗೆ ಯಾವ ರಂಜಕ?

ಕೇಪಿನ ಕೋವಿ ಕಂಡವರು ಮಲೆನಾಡಿನಲ್ಲೂ ಕೊಡಗಿನಲ್ಲೂ ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಕೇಪು ಸಿಡಿದರೆ ಈಡು ಹಾರಿತು. ಅದಕ್ಕೂ ಹಿಂದಿನ ಚಕಮಕಿ ಕೋವಿಯಲ್ಲಿ ಕೇಪಿಲ್ಲ. ಕುದುರೆಯ (ಹ್ಯಾಮರಿನ) ಬಾಯಿಗೆ ಕಚ್ಚಿಸಿದ ಚಕಮಕಿ ಕಲ್ಲು ಎದುರಿನ ಉಕ್ಕಿನ ಪಟ್ಟಿಯನ್ನು ಕೆರೆಯುತ್ತದೆ. ಹಾಗೆ ಕೆರೆದ ಉಕ್ಕಿನ ಚೂರುಗಳೇ ಉರಿಯುತ್ತ ಕಿಡಿಗಳಾಗಿ ಕೆಳಗಿನ ಬಟ್ಟಲಿಗೆ ಬೀಳುತ್ತವೆ. ಬಟ್ಟಲಿನಲ್ಲಿಟ್ಟ ಚಿಟಿಕೆ ಮದ್ದು ಭಗ್ಗನೆ ಹೊತ್ತಿ, ನಳಿಗೆಯ ಪಕ್ಕದ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ಆ ಚಿಟಿಕೆ ಮದ್ದೇ ರಂಜಕ.

ಈ ಕೋವಿ ಅಮೆರಿಕದಲ್ಲಿ ಇಂದಿಗೂ ಬಳಕೆಯಲ್ಲಿದೆ. ಪೆನ್ಸಿಲ್ವೇನಿಯ ರಾಜ್ಯದಲ್ಲಿ 1974ರಿಂದ ಚಕಮಕಿ ಕೋವಿಯ ಜಿಂಕೆ ಬೇಟೆಗೆಂದೇ ಬೇರೆ ಅವಧಿ ಇದೆ. ಕ್ರಿಸ್‌ಮಸ್ ಕಳೆದ ಮೇಲೆ, ಹಿಮ ಬೀಳುವ ದಿನಗಳಲ್ಲಿ. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ, 1933ರಲ್ಲಿ ಹುಟ್ಟಿದ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಗುರಿಸ್ಪರ್ಧೆಗಳನ್ನು ನಡೆಸುತ್ತದೆ. ಅಮೆರಿಕದಲ್ಲಿ ನೆಲೆಸಿ, ಕಾನೂನುಬದ್ಧವಾಗಿ ಈ ಹವ್ಯಾಸಕ್ಕೆ ಕೈಹಾಕುವವರಿಗಾಗಿ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಂಜಕ ಕೊಳ್ಳುವುದು ಕೊನೆಯ ಕೆಲಸ. ಹೊಸಬರು ಕೋವಿ ಹೊತ್ತದಿದ್ದಾಗೆಲ್ಲ ಇನ್ನೂ ನುಣುಪಾದ, ಇನ್ನೂ ದುಬಾರಿ ಮದ್ದು ಹುಡುಕುತ್ತಾರೆ. ಮೊಂಡು ಕಲ್ಲಿಗೂ ಕಟ್ಟಿಕೊಂಡ ತೂತಿಗೂ ಯಾವ ಮದ್ದಿನಲ್ಲೂ ಪರಿಹಾರವಿಲ್ಲ.

ಮೊದಲು ಕಿಡಿ, ಆಮೇಲೆ ತೂತು

ಕೋವಿ ಖಾಲಿ ಇದೆಯೆಂದು ನಳಿಗೆಗೆ ಗಜದ ಕೋಲು ಇಳಿಸಿ ಖಚಿತಪಡಿಸಿಕೊಳ್ಳಿ. ಬಟ್ಟಲಿನಲ್ಲಿ ಒಂದು ಕಾಳೂ ಮದ್ದು ಇರಬಾರದು, ಹತ್ತಿರದಲ್ಲೆಲ್ಲೂ ಮದ್ದಿನ ಡಬ್ಬಿ ಇರಬಾರದು. ನಸುಗತ್ತಲಲ್ಲಿ ನಿಂತು, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕುದುರೆ ಬೀಳಿಸಿ ನೋಡಿ. ಬಿಳಿ ಅಥವಾ ಹಳದಿ ಕಿಡಿಗಳು ಗೊಂಚಲಾಗಿ ಬಟ್ಟಲಿನ ನಡುವೆ ಬೀಳಬೇಕು. ಎರಡೋ ಮೂರೋ ಕೆಂಪು ಕಿಡಿ ಬಿದ್ದು ಆರಿಹೋದರೆ ಕಲ್ಲಿನ ಅಂಚು ಸವೆದಿರಬೇಕು, ಕಲ್ಲು ಸಡಿಲವಾಗಿರಬೇಕು, ಇಲ್ಲವೇ ಉಕ್ಕಿನ ಪಟ್ಟಿಯ ಹದ ಹೋಗಿರಬೇಕು. ಕಲ್ಲನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಬಿಗಿಯಾಗಿ ಕೂರಿಸಿದರೆ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ. ಪಟ್ಟಿಯ ಹದ ಹೋಗಿದ್ದರೆ ಬಲ್ಲ ಕಮ್ಮಾರನೇ ಬೇಕು. ಪಟ್ಟಿಯ ಮೇಲೆ ಎಣ್ಣೆಯ ಪಸೆ ಉಳಿದಿದ್ದರೂ ಕಿಡಿ ಸಾಯುತ್ತದೆ, ಆದ್ದರಿಂದ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

ಇನ್ನು ನಳಿಗೆಯ ತೂತು. ಸಾಮಾನ್ಯವಾಗಿ ಅದು ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿರುತ್ತದೆ. ತೆಳು ತಂತಿಯನ್ನು ತೂರಿಸಿದರೆ ಸರಾಗವಾಗಿ ಒಳಹೋಗಬೇಕು.

ನಿಜವಾದ ಕಪ್ಪು ಮದ್ದೇ ಆಗಬೇಕು

ಇಲ್ಲಿ ರಾಜಿಯಿಲ್ಲ. ಅಂಗಡಿಯಲ್ಲಿ ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಮುಂತಾದ ಬದಲಿ ಮದ್ದುಗಳು ಸುಲಭವಾಗಿ ಸಿಗುತ್ತವೆ. ಅವು ಹೊತ್ತಲು ಹೆಚ್ಚು ಶಾಖ ಬೇಕು. ಕೇಪಿನ ಜ್ವಾಲೆಗೆ ಹೊತ್ತುವ ಅವು ಬಟ್ಟಲಿನ ಕಿಡಿಗೆ ನೆಚ್ಚುವಂತೆ ಹೊತ್ತುವುದಿಲ್ಲ. ಹೊಗೆರಹಿತ ಆಧುನಿಕ ಮದ್ದಿನ ಮಾತಂತೂ ಎತ್ತಲೇಬೇಡಿ. ಈ ಕೋವಿಗಳಲ್ಲಿ ಅದನ್ನು ತುಂಬಿದರೆ ನಳಿಗೆ ಸಿಡಿದು ಜೀವಕ್ಕೇ ಸಂಚಕಾರ. ಹಾಗಾಗಿ ಅಂಗಡಿಯವರು 'ಅದರಷ್ಟೇ ಒಳ್ಳೆಯದು' ಎಂದರೂ ಡಬ್ಬಿಯ ಮೇಲಿನ ಅಕ್ಷರ ಓದದೆ ಹಣ ಕೊಡಬೇಡಿ.

ಕಪ್ಪು ಮದ್ದಿನ ಕಾಳಿನ ಗಾತ್ರವನ್ನು ಎಫ್ ಅಕ್ಷರದಿಂದ ಗುರುತಿಸುತ್ತಾರೆ. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣದು. ಎರಡು ಎಫ್ ಮತ್ತು ಮೂರು ಎಫ್ ನಳಿಗೆಯ ಒಳಗಿನ ಮದ್ದು. ನಾಲ್ಕು ಎಫ್ ಅವಕ್ಕಿಂತಲೂ ನುಣುಪು, ರಂಜಕಕ್ಕೆಂದೇ ಮಾರುವಂಥದ್ದು. ಸ್ವಿಟ್ಜರ್ಲೆಂಡಿನ ಓಬೋನ್‌ನಲ್ಲಿ ತಯಾರಾಗುವ ಸ್ವಿಸ್ ಮದ್ದಿನಲ್ಲಿ ಅದಕ್ಕೂ ನುಣ್ಣಗಿನ 'ನಲ್ ಬಿ' ಎಂಬ ರಂಜಕವಿದೆ. ಅಮೆರಿಕದಲ್ಲೇ ತಯಾರಾಗುವುದು ಲೂಸಿಯಾನದ ಮಿಂಡೆನ್‌ನ ಗೋಯೆಕ್ಸ್. 2021ರಲ್ಲಿ ಆ ಕಾರ್ಖಾನೆ ಮುಚ್ಚುತ್ತಿರುವ ಸುದ್ದಿ ಬಂದಾಗ ಹವ್ಯಾಸಿಗಳು ಕಂಗಾಲಾಗಿದ್ದರು. ಮರುವರ್ಷ ಎಸ್ಟೆಸ್ ಕಂಪನಿ ಅದನ್ನು ಕೊಂಡಿತು.

ಇವುಗಳಲ್ಲಿ ಯಾವುದು? ಹವೆ ನೋಡಿ ನಿರ್ಧರಿಸಿ. ಕಾಳು ಸಣ್ಣದಾದಷ್ಟೂ ಬೇಗ ಹೊತ್ತುತ್ತದೆ, ಅಷ್ಟೇ ಬೇಗ ತೇವವನ್ನೂ ಎಳೆದುಕೊಳ್ಳುತ್ತದೆ. ಒಣಹವೆಯಲ್ಲಿ ಗುರಿಸ್ಪರ್ಧೆಗೆ ನಾಲ್ಕು ಎಫ್ ಅಥವಾ ನಲ್ ಬಿ ಹಾಕಿದರೆ ಟ್ರಿಗರಿಗೂ ಈಡಿಗೂ ನಡುವಿನ ತಡ ಕಡಿಮೆಯಾಗುತ್ತದೆ. ಕೋವಿಯನ್ನು ಅಲುಗಿಸದೆ ಹಿಡಿಯಬೇಕಾದ ಹೊತ್ತು ಅಷ್ಟೂ ಕಡಿಮೆ. ಮಂಜು, ತುಂತುರು ಮಳೆ ಇರುವ ಬೆಳಗಿನಲ್ಲಿ ಗಂಟೆಗಟ್ಟಲೆ ಕಾದು ಕೂರುವ ಬೇಟೆಗಾರನಿಗೆ ಮೂರು ಎಫ್ ಮದ್ದೇ ಹೆಚ್ಚು ನೆಚ್ಚಿಕೆಯದು ಎಂಬುದು ನನ್ನ ಅಭಿಪ್ರಾಯ. ನಳಿಗೆಗೂ ಬಟ್ಟಲಿಗೂ ಒಂದೇ ಮದ್ದು ಸಾಕು. ಹಿಂದಿನ ಸಿಪಾಯಿಗಳು ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಸ್ವಲ್ಪವನ್ನು ಬಟ್ಟಲಿಗೂ ಉಳಿದದ್ದನ್ನು ನಳಿಗೆಗೂ ಸುರಿಯುತ್ತಿದ್ದುದೂ ಹೀಗೆಯೇ. ಆದರೆ ಇದನ್ನು ತಿರುಗಿಸಿ, ನಾಲ್ಕು ಎಫ್ ಮದ್ದನ್ನು ನಳಿಗೆಗೆ ತುಂಬಬೇಡಿ. ಅದು ತೀರ ವೇಗವಾಗಿ ಉರಿದು ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

ಎಷ್ಟು ಕೊಳ್ಳಬೇಕೆಂಬ ಚಿಂತೆ ಬೇಡ. ಒಂದು ಪೌಂಡಿನಲ್ಲಿ 7000 ಗ್ರೇನ್. ಒಂದು ಈಡಿಗೆ ಮೂರು ಗ್ರೇನ್ ರಂಜಕ ಎಂದುಕೊಂಡರೂ ಎರಡು ಸಾವಿರ ಈಡು ದಾಟುತ್ತದೆ. ಒಂದೇ ಡಬ್ಬಿ ವರ್ಷಗಟ್ಟಲೆ ಬರುತ್ತದೆ.

ರಂಜಕದ ನಳಿಕೆ ಹೇಗಿರಬೇಕು

ಬಟ್ಟಲಿಗೆ ಅಳತೆಯಾಗಿ ಮದ್ದು ಬೀಳಿಸುವ ಪುಟ್ಟ ಹಿತ್ತಾಳೆ ನಳಿಕೆಗೆ ಅಲ್ಲಿನವರು ಪ್ಯಾನ್ ಪ್ರೈಮರ್ ಎನ್ನುತ್ತಾರೆ. ಮೂತಿಯನ್ನು ಬಟ್ಟಲಿಗೆ ಒತ್ತಿದರೆ ಒಳಗಿನ ಸ್ಪ್ರಿಂಗ್ ಹಿಂದೆ ಸರಿದು ಎರಡು ಮೂರು ಗ್ರೇನ್ ಮದ್ದು ಇಳಿಯುತ್ತದೆ. ಕೈ ಎತ್ತಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಿತ್ತಾಳೆಯೇ ಏಕೆಂದರೆ ಅದು ಕಬ್ಬಿಣಕ್ಕೆ ತಾಗಿದರೂ ಕಿಡಿ ಹಾರುವುದಿಲ್ಲ.

ಅಂಗಡಿಯಲ್ಲೇ ಮೂರು ಸಲ ಒತ್ತಿ ನೋಡಿ. ಸ್ಪ್ರಿಂಗ್ ಪ್ರತಿ ಸಲವೂ ಪೂರ್ತಿ ಹಿಂದಿರುಗಬೇಕು. ಅರ್ಧಕ್ಕೆ ನಿಲ್ಲುವುದಾದರೆ ಜೇಬಿನಲ್ಲೇ ಮದ್ದು ಸೋರುತ್ತದೆ. ಮೂತಿ ನಿಮ್ಮ ಕೋವಿಯ ಬಟ್ಟಲಿನೊಳಗೆ ಆರಾಮವಾಗಿ ಇಳಿಯುವಷ್ಟು ತೆಳ್ಳಗಿರಲಿ. ನಲ್ ಬಿ ಬಳಸುವವರು ಇನ್ನೂ ಎಚ್ಚರದಿಂದ ಆರಿಸಬೇಕು, ಏಕೆಂದರೆ ಸಡಿಲ ಮುಚ್ಚಳದ ಸಂದಿನಲ್ಲಿ ಆ ಪುಡಿ ನುಸುಳುತ್ತದೆ. ಮೂರು ಎಫ್ ಬಳಸುವವರಿಗೆ ಕಾಳು ಸಿಕ್ಕಿಕೊಳ್ಳದ ಅಗಲದ ಬಾಯಿ ಬೇಕು. ನಳಿಕೆಯ ಬದಲು ಮರದ ಬಿರಡೆಯ ಪುಟ್ಟ ಕೊಂಬು ಇಟ್ಟುಕೊಳ್ಳುವವರೂ ಇದ್ದಾರೆ. ನೋಡಲು ಚೆಂದ, ಆದರೆ ಅಳತೆ ಕೈಗೆ ಪಳಗಬೇಕು. ಎರಡರಲ್ಲಿ ಯಾವುದೇ ಆಗಲಿ, ದೊಡ್ಡ ಡಬ್ಬಿಯಿಂದಾಗಲಿ ದೊಡ್ಡ ಕೊಂಬಿನಿಂದಾಗಲಿ ನೇರವಾಗಿ ಬಟ್ಟಲಿಗೆ ಸುರಿಯಬೇಡಿ. ಬಟ್ಟಲಿನಲ್ಲಿ ಉಳಿದ ಒಂದು ಕೆಂಡದ ಚೂರು ಸಾಕು, ಕೈಯಲ್ಲಿರುವುದಷ್ಟೂ ಸಿಡಿಯಲು.

ಹಾಕುವ ಕ್ರಮ

ನಳಿಗೆಗೆ ಮದ್ದು, ಬಟ್ಟೆ, ಗುಂಡು ಇಳಿಸಿ ಗಜದ ಕೋಲನ್ನು ಹೊರತೆಗೆದ ಮೇಲೆಯೇ ರಂಜಕದ ಸರದಿ, ಅದೂ ಗುರಿಯ ಸಾಲಿನಲ್ಲಿ ನಿಂತ ಮೇಲೆ. ತುಂಬುವಾಗ ತೂತಿಗೆ ತಂತಿ ಸಿಕ್ಕಿಸಿಟ್ಟರೆ ದಾರಿ ತೆರೆದಿರುತ್ತದೆ. ಆಮೇಲೆ ತಂತಿ ತೆಗೆದು, ಕುದುರೆಯನ್ನು ಅರ್ಧ ಏರಿಸಿಟ್ಟು, ನಳಿಗೆಯನ್ನು ಗುರಿಯತ್ತಲೇ ಹಿಡಿದು ರಂಜಕ ಹಾಕಿ. ಬಟ್ಟಲು ಅರ್ಧ ತುಂಬಿದರೆ ಸಾಕು. ಅಂಚಿನವರೆಗೆ ತುಂಬಿಸಿದರೆ ತೂತಿನಲ್ಲೂ ಮದ್ದು ಕೂತು ಬತ್ತಿಯಂತೆ ಕಾಳು ಕಾಳಾಗಿ ಉರಿಯತೊಡಗುತ್ತದೆ, ಈಡು ತಡವಾಗುತ್ತದೆ. ಜ್ವಾಲೆ ಆ ತೂತಿನಲ್ಲಿ ಚಿಮ್ಮಿ ದಾಟಬೇಕು. ಮದ್ದನ್ನು ತೂತಿನಿಂದ ದೂರಕ್ಕೆ ಸರಿಸಿ ಇಡಬೇಕೆಂದು ಹಳಬರು ಹೇಳುವುದುಂಟು. ವೇಗದ ಉಪಕರಣಗಳಿಂದ ಅಳೆದು ನೋಡಿದವರಿಗೆ ಹತ್ತಿರ ಇಟ್ಟಾಗಲೇ ಬೇಗ ಹೊತ್ತುವುದು ಕಂಡಿದೆ. ತೂತು ಮುಚ್ಚದಂತೆ ಹತ್ತಿರ ಇಡುವುದೇ ಸರಿ.

ಪಕ್ಕದಲ್ಲಿ ನಿಂತವರ ಕಡೆ ತೂತಿನಿಂದ ಬೆಂಕಿ ಚಿಮ್ಮುತ್ತದೆ. ಸಾಲಿನಲ್ಲಿ ನಿಲ್ಲುವವರು ಹಿತ್ತಾಳೆಯ ಅಡ್ಡತಗಡು ಹಾಕಿಸಿಕೊಳ್ಳಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ ಎಲ್ಲರಿಗೂ ಬೇಕು. ರಂಜಕ ಹೊತ್ತಿಯೂ ಈಡು ಹಾರದಿದ್ದರೆ ಕೋವಿಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಅವಸರದಲ್ಲಿ ನಳಿಗೆಯೊಳಗೆ ಇಣುಕುವುದು, ತಕ್ಷಣ ಮತ್ತೆ ರಂಜಕ ಹಾಕುವುದು ಎರಡೂ ಸಲ್ಲ.

ತೇವದ ದಿನ

1757ರ ಪ್ಲಾಸಿ ಕದನದಲ್ಲಿ ಮಳೆ ಸುರಿದಾಗ ಈಸ್ಟ್ ಇಂಡಿಯಾ ಕಂಪನಿಯ ಸೇನೆ ತನ್ನ ಮದ್ದಿಗೆ ಟಾರ್ಪಾಲಿನ್ ಹೊದಿಸಿತು. ಬಂಗಾಳದ ನವಾಬ ಸಿರಾಜುದ್ದೌಲನ ಸೇನೆಯ ಮದ್ದು ನೆನೆಯಿತು. ಬಟ್ಟಲಿನ ಚಿಟಿಕೆಗೂ ಅದೇ ಕಾಳಜಿ ಬೇಕು. ಒಂದೆರಡು ಈಡಿನ ನಂತರ ಬಟ್ಟಲಿನಲ್ಲಿ ಉಳಿಯುವ ಮಸಿಯಲ್ಲಿ ಗಾಳಿಯ ತೇವ ಹೀರುವ ಪೊಟ್ಯಾಸಿಯಂ ಲವಣಗಳಿರುತ್ತವೆ. ಥಂಡಿ ಹವೆಯಲ್ಲಿ ಅದು ಕಪ್ಪು ರಾಡಿಯಾಗುತ್ತದೆ, ಅದರ ಮೇಲೆ ಎಂಥ ರಂಜಕ ಹಾಕಿದರೂ ವ್ಯರ್ಥ. ಆದ್ದರಿಂದ ಪ್ರತಿ ಈಡಿಗೂ ಕಲ್ಲು, ಪಟ್ಟಿ, ಬಟ್ಟಲು ಮೂರನ್ನೂ ಒಣಬಟ್ಟೆಯಿಂದ ಒರೆಸಿ. ಕಾದು ಕುಳಿತಿರುವಾಗ ಅರ್ಧ ಗಂಟೆಗೊಮ್ಮೆ ಹಳೆಯ ರಂಜಕ ಚೆಲ್ಲಿ ಹೊಸದು ಹಾಕಿ, ತೊಗಲಿನ ಹೊದಿಕೆಯಿಂದ ಮುಚ್ಚಿ. ಮದ್ದು ಗಂಟುಕಟ್ಟಿದ್ದರೆ ಬೆರಳಿನಲ್ಲಿ ಪುಡಿಮಾಡಿ ಮತ್ತೆ ಬಳಸುವ ಆಸೆ ಬೇಡ.

ಕಾನೂನು ಮತ್ತು ಸಂಗ್ರಹ

ಹಳೆಯ ಮಾದರಿಯ ಕೋವಿಗಳ ಹವ್ಯಾಸಕ್ಕೆ 50 ಪೌಂಡಿನವರೆಗೆ ಕಾರ್ಖಾನೆಯ ಕಪ್ಪು ಮದ್ದು ಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಡ. ಮನೆಯಲ್ಲಿ ಎಷ್ಟು ಇಡಬಹುದೆಂಬ ರಾಜ್ಯದ, ಊರಿನ ನಿಯಮ ಬೇರೆ. ಅಗ್ನಿಶಾಮಕ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಇಲ್ಲ. ಊರಿಗೆ ಹೊರಟಾಗ ಮದ್ದಿನ ಪುಡಿ ಮೆತ್ತಿದ ಚೀಲವನ್ನೂ ಮನೆಯಲ್ಲೇ ಬಿಟ್ಟುಬನ್ನಿ. ಭಾರತದಲ್ಲಿ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಲಾಗಿದೆ. ಉಳಿದವರು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಜಿಲ್ಲಾಡಳಿತದ ಪರವಾನಗಿ ಪಡೆಯಬೇಕು.

ದಿನದ ಕೊನೆಗೆ ನಳಿಕೆಯಲ್ಲಿ ಮದ್ದು ಬಿಡಬೇಡಿ. ತೇವ ಎಳೆದುಕೊಂಡ ಮದ್ದು ಸ್ಪ್ರಿಂಗಿನ ದಾರಿಗೆ ಕಿಲುಬು ಹಿಡಿಸುತ್ತದೆ. ಉಳಿದದ್ದನ್ನು ಮೂಲ ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದ ತಣ್ಣನೆಯ ಜಾಗದಲ್ಲಿ ಬೀಗ ಹಾಕಿಡಿ. ಬೇರೆ ಬೇರೆ ಗಾತ್ರದ ಮದ್ದನ್ನು ಒಂದೇ ಡಬ್ಬಿಗೆ ಸೇರಿಸಬೇಡಿ, ಹೆಸರು ಬರೆಯದ ಡಬ್ಬಿಯಿಂದ ಯಾವತ್ತೂ ತುಂಬಬೇಡಿ.